ಅರೆಪೆಟ್ಟು ತಿಂದ ಬ್ಯಾಕ್ಟೀರಿಯಾ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ‘ಹೋದ ಸಲ ಸಿಪ್ರೊಫ್ಲಾಕ್ಸಾಸಿನ್ ನುಂಗಿದ ಎರಡನೇ ದಿನಕ್ಕೇ ಉರಿಮೂತ್ರ ನಿಂತಿತ್ತು, ಈ ಸಲ ಸ್ಟ್ರಿಪ್ ಮುಗಿದರೂ ನಾಟಲಿಲ್ಲ, ಯಾಕೆ?’ ಎಂದು ಒಬ್ಬರು ಕೇಳುತ್ತಾರೆ. ‘ಬ್ಯಾಕ್ಟೀರಿಯಾಗಳಿಗೆ ಔಷಧ ಒಗ್ಗಿಹೋಗುತ್ತದಂತೆ. ಮಿದುಳೇ ಇಲ್ಲದ ಜೀವಿ ಅದನ್ನು ಕಲಿಯುವುದಾದರೂ ಹೇಗೆ?’ ಎಂದು ಇನ್ನೊಬ್ಬರು. ಇಬ್ಬರಿಗೂ ಕೊಡಬೇಕಾದ ಉತ್ತರದ ದೊಡ್ಡ ಪಾಲು ಬ್ಯಾಕ್ಟೀರಿಯಾದೊಳಗಿನ ಕೆಲವು ಪ್ರೋಟೀನುಗಳಲ್ಲಿದೆ. ಕೆಟ್ಟ, ಮುರಿದ ಡಿಎನ್‌ಎಯನ್ನು ದುರಸ್ತಿ ಮಾಡುವುದು ಅವುಗಳ ಕಾಯಕ. ಆ ಕಾಯಕ ಯಾವಾಗ ಅಚ್ಚುಕಟ್ಟಾಗಿ ನಡೆಯುತ್ತದೆ, ಯಾವಾಗ ಅವಸರದಲ್ಲಿ ಹದಗೆಡುತ್ತದೆ ಎಂಬುದು ಗೊತ್ತಾದರೆ ಮಾತ್ರೆ ಯಾಕೆ ನಾಟಲಿಲ್ಲ ಎಂಬುದೂ ಅರ್ಧ ಗೊತ್ತಾದಂತೆ.

ನಾನು ಇರುವ ನಾಗಪುರದಲ್ಲಿ ಈ ವಿಷಯ ಮರೆಯಲು ಸಾಧ್ಯವಿಲ್ಲದ ಜಾಗವೊಂದಿದೆ. ಸೆಂಟ್ರಲ್ ಅವೆನ್ಯೂ ದಾಟಿ ಗಾಂಧಿಬಾಗ್ ಕಡೆ ಇಳಿದರೆ ಮೊದಲು ಎದುರಾಗುವುದು ಬಟ್ಟೆಯ ಸಗಟು ಪೇಟೆ. ಕೈಗಾಡಿಗಳ ಮೇಲೆ ಸೀರೆಯ ಗಂಟುಗಳು, ಅಂಗಡಿಯೊಳಗೆ ಬಿಳಿ ಗಾದಿ, ಮುಂದಕ್ಕೆ ಹೋದರೆ ಇತವಾರಿಯ ಗದ್ದಲ. ಅದೇ ಸುತ್ತಿನಲ್ಲಿ ಔಷಧದ ಸಗಟು ಪೇಟೆಯೂ ಇದೆ. ವಿದರ್ಭದ ಸಣ್ಣ ಊರುಗಳ ಮೆಡಿಕಲ್ ಅಂಗಡಿಯವರು ಇಲ್ಲಿಂದ ಪೆಟ್ಟಿಗೆಗಟ್ಟಲೆ ಮಾತ್ರೆ ಒಯ್ಯುತ್ತಾರೆ. ಸರಕು ತುಂಬಿಸಿಕೊಳ್ಳಲು ಬರುವ ಕಲಬುರಗಿ ಕಡೆಯ ಅಂಗಡಿಕಾರರೊಬ್ಬರು ನನಗೆ ಪರಿಚಯ. ಆ್ಯಂಟಿಬಯಾಟಿಕ್ ಮಾರಾಟದ ಮಾತು ಬಂದಾಗ ಅವರು ಹೇಳಿದ್ದು ಇಷ್ಟು: ‘ಕಾಕಾ, ಪೂರ್ತಿ ಸ್ಟ್ರಿಪ್ ಯಾರು ಒಯ್ತಾರ್ರಿ? ಎರಡ ಗುಳಿಗಿ ಕೊಡ್ರಿ ಸಾಕು, ಆರಾಮ್ ಆಗಲಿಲ್ಲಂದ್ರ ನಾಳೆ ಬರ್ತೀವಿ ಅಂತಾರ. ಇಲ್ಲ ಅಂದ್ರ ಬಾಜೂ ಅಂಗಡಿಗೆ ಹೋಗ್ತಾರ.’ ಅವರ ಮಾತಿನಲ್ಲಿ ವ್ಯಾಪಾರದ ಅಸಹಾಯಕತೆ ಇತ್ತು. ಆ ಎರಡು ಗುಳಿಗೆಗಳು ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತವೆ ಎಂಬುದೇ ಇವತ್ತಿನ ವಿಷಯ.

ಸಿಪ್ರೊಫ್ಲಾಕ್ಸಾಸಿನ್ ಏಟು ಬೀಳುವುದು ನೇರ ಡಿಎನ್‌ಎ ಮೇಲೆ. ನಮ್ಮ ಕರುಳಿನಲ್ಲೇ ವಾಸಿಸುವ, ದಾರಿ ತಪ್ಪಿ ಮೂತ್ರನಾಳ ಸೇರಿದರೆ ಸೋಂಕು ತರುವ ಇ. ಕೋಲಿ ಬ್ಯಾಕ್ಟೀರಿಯಾವನ್ನು ತೆಗೆದುಕೊಳ್ಳಿ. ಅದರ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರಿಗೂ ಉದ್ದ. ಆದರೆ ಅದು ಮಡಿಚಿ ಕುಳಿತಿರುವ ಕೋಶದ ಉದ್ದ ಮಿಲಿಮೀಟರಿನ ಐನೂರನೆಯ ಒಂದು ಭಾಗದಷ್ಟು. ಇಷ್ಟು ಒತ್ತಾಗಿ ಸುತ್ತಿಕೊಂಡ ಎಳೆಯನ್ನು ಓದಬೇಕು, ನಕಲು ಮಾಡಬೇಕು ಎಂದರೆ ತಿರುಚು ಬಿಡಿಸುತ್ತಲೇ ಇರಬೇಕು. ಆ ಕೆಲಸ ಗೈರೇಸ್ ಎಂಬ ಕಿಣ್ವದ್ದು. ಅದು ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸಿ, ಆ ಸಂದಿಯಲ್ಲಿ ಇನ್ನೊಂದು ತುಂಡನ್ನು ದಾಟಿಸಿ, ಮತ್ತೆ ಕೂಡಿಸುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಬಂದು ಕೂರುವುದು ಕತ್ತರಿಸಿದ ಮೇಲೆ, ಕೂಡಿಸುವ ಮೊದಲು. ಕಿಣ್ವ ಅಲ್ಲೇ ಸಿಕ್ಕಿಬೀಳುತ್ತದೆ. ನಕಲು ಮಾಡುತ್ತ ಬರುವ ಯಂತ್ರ ಅದಕ್ಕೆ ಢಿಕ್ಕಿ ಹೊಡೆಯುತ್ತದೆ, ಡಿಎನ್‌ಎ ತುಂಡಾಗುತ್ತದೆ. ತುಂಡಾದ ಡಿಎನ್‌ಎ ಬ್ಯಾಕ್ಟೀರಿಯಾಕ್ಕೆ ಮರಣಶಾಸನ. ಆದರೆ ಆ ಶಾಸನ ಜಾರಿಯಾಗುವ ಮೊದಲು ದುರಸ್ತಿಯವರು ಓಡಿ ಬರುತ್ತಾರೆ.

ಈ ದುರಸ್ತಿ ಆ್ಯಂಟಿಬಯಾಟಿಕ್‌ಗಳಿಗಾಗಿ ಹುಟ್ಟಿಕೊಂಡದ್ದಲ್ಲ. ಡಿಎನ್‌ಎ ಸುಮ್ಮನಿದ್ದರೂ ಕೆಡುವ ವಸ್ತು. ಅದರ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸಿನ್ ನೀರಿನ ಸಂಗದಲ್ಲೇ ಅಮೈನೋ ಗುಂಪು ಕಳೆದುಕೊಂಡು ಯುರಾಸಿಲ್ ಆಗಿಬಿಡುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅಕ್ಕಪಕ್ಕದ ಎರಡು ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಕಲು ಮಾಡುವಾಗಲೂ ಅಕ್ಷರ ತಪ್ಪುತ್ತದೆ. ಒಂದೊಂದು ಬಗೆಯ ಕೆಡುಕಿಗೂ ಒಂದೊಂದು ತಂಡವಿದೆ. ಯುರಾಸಿಲ್ ಕಿತ್ತೆಸೆಯಲು ಒಂದು ಗ್ಲೈಕೋಸಿಲೇಸ್ ಕಿಣ್ವವಿದೆ. ಅದು ಎಳೆಯ ಉದ್ದಕ್ಕೂ ತಡಕಾಡುತ್ತ ಹೋಗಿ, ಯುರಾಸಿಲ್ ಸಿಕ್ಕರೆ ಸುರುಳಿಯಿಂದ ಹೊರಕ್ಕೆ ಮಗುಚಿ, ತನ್ನ ಗುಳಿಯೊಳಗೆ ಎಳೆದುಕೊಂಡು ತುಂಡರಿಸುತ್ತದೆ. ಗುಳಿ ಎಷ್ಟು ಅಳತೆಯದೆಂದರೆ ಯುರಾಸಿಲ್‌ನ ಹತ್ತಿರದ ಬಂಧುವಾದ ಥೈಮಿನ್ ಅದರೊಳಗೆ ಹಿಡಿಯುವುದಿಲ್ಲ. ಅಂಟಿದ ಥೈಮಿನ್‌ಗಳಿಗೆ ಯುವಿಆರ್‌ಎ, ಬಿ, ಸಿ ಎಂಬ ಮೂವರಿದ್ದಾರೆ. ಮೊದಲನೆಯದು ಉಬ್ಬು ಹುಡುಕುತ್ತದೆ, ಎರಡನೆಯದು ಖಚಿತಪಡಿಸುತ್ತದೆ, ಮೂರನೆಯದು ಎರಡೂ ಬದಿಗೆ ಕತ್ತರಿ ಹಾಕಿ ಹನ್ನೆರಡು ಹದಿಮೂರು ಅಕ್ಷರಗಳ ತುಂಡನ್ನು ಬೇರ್ಪಡಿಸುತ್ತದೆ. ನಕಲಿನ ತಪ್ಪು ಹಿಡಿಯುವುದು ಮ್ಯೂಟ್‌ಎಸ್ ಮತ್ತು ಮ್ಯೂಟ್‌ಎಲ್. 2015ರ ರಸಾಯನಶಾಸ್ತ್ರದ ನೊಬೆಲ್ ಈ ಮೂರು ದಾರಿಗಳನ್ನು ಬಿಡಿಸಿಟ್ಟ ತೋಮಾಸ್ ಲಿಂಡಾಲ್, ಅಜೀಜ್ ಸಂಜಾರ್, ಪಾಲ್ ಮಾಡ್ರಿಚ್ ಅವರಿಗೆ ಹೋಯಿತು. ಮೂವರ ಕೆಲಸಕ್ಕೂ ಇ. ಕೋಲಿಯೇ ತಳಪಾಯ. ಇದೆಲ್ಲ ಸೇರಿ ನಕಲಿನಲ್ಲಿ ಕೊನೆಗೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಗಳಿಗೆ ಒಂದರ ಆಸುಪಾಸು. ಅಂದರೆ ಬ್ಯಾಕ್ಟೀರಿಯಾ ತನ್ನ ಇಡೀ ಗ್ರಂಥವನ್ನು ನೂರಾರು ಸಲ ನಕಲು ಮಾಡಿದರೂ ಒಂದೇ ಒಂದು ಅಕ್ಷರ ತಪ್ಪಬಹುದು.

ಇವೆಲ್ಲ ಒಂದು ಎಳೆ ಕೆಟ್ಟಾಗ ನಡೆಯುವ ಕೆಲಸ. ಎದುರಿನ ಎಳೆ ಸರಿಯಿರುವುದರಿಂದ ಅದನ್ನು ನೋಡಿಕೊಂಡು ಬರೆದರಾಯಿತು. ಎರಡೂ ಎಳೆ ಒಟ್ಟಿಗೆ ಕಡಿದರೆ ನೋಡಿ ಬರೆಯಲು ಮೂಲವೇ ಇಲ್ಲ. ಸಿಪ್ರೊಫ್ಲಾಕ್ಸಾಸಿನ್ ಮಾಡುವ ಗಾಯ ಈ ಜಾತಿಯದು. ಗಾಂಧಿಬಾಗಿನಂಥ ಬಟ್ಟೆ ಪೇಟೆಗಳ ಸುತ್ತ ಕೂರುವ ರಫೂಗಾರರ ಕೆಲಸ ನೋಡಿದವರಿಗೆ ಬ್ಯಾಕ್ಟೀರಿಯಾದ ಉಪಾಯ ತಕ್ಷಣ ಹೊಳೆಯುತ್ತದೆ. ಒಳ್ಳೆಯ ರಫೂಗಾರ ಹರಿದ ಸೀರೆಗೆ ಹೊರಗಿನ ದಾರ ಹಾಕುವುದಿಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ನೇಯ್ಗೆಯ ಲೆಕ್ಕ ಹಿಡಿದು ಸೇರಿಸುತ್ತಾನೆ. ಬ್ಯಾಕ್ಟೀರಿಯಾ ಬೆಳೆಯುವಾಗ ಅದರ ಡಿಎನ್‌ಎಯ ಇನ್ನೊಂದು ಪ್ರತಿ, ಪೂರ್ತಿ ಅಥವಾ ಅರ್ಧ ನಕಲಾಗಿ, ಕೋಶದೊಳಗೇ ಇರುತ್ತದೆ. ಕಡಿದ ತುದಿ ಆ ಪ್ರತಿಯಲ್ಲಿ ತನ್ನದೇ ಸಾಲನ್ನು ಹುಡುಕಿ, ಅದನ್ನು ನೋಡಿಕೊಂಡು ಕಳೆದುಹೋದ ಅಕ್ಷರಗಳನ್ನು ತುಂಬಿಕೊಳ್ಳುತ್ತದೆ.

ಹೇಳಿದಷ್ಟು ಸುಲಭವಲ್ಲ. ಮೊದಲು ತುದಿಯನ್ನು ಹದ ಮಾಡಬೇಕು. ಇ. ಕೋಲಿಯಲ್ಲಿ ಅದಕ್ಕೆ ರೆಕ್‌ಬಿಸಿಡಿ ಎಂಬ ಮೂರು ಪ್ರೋಟೀನುಗಳ ಕೂಟವಿದೆ. ಇದರಲ್ಲಿ ಎರಡು ಮೋಟಾರುಗಳಿವೆ, ಒಂದೊಂದು ಎಳೆಯ ಮೇಲೆ ಒಂದೊಂದು. ಎರಡೂ ಸೇರಿ ಸೆಕೆಂಡಿಗೆ ಸಾವಿರ ಅಕ್ಷರಗಳ ವೇಗದಲ್ಲಿ ಸುರುಳಿ ಬಿಚ್ಚುತ್ತ, ಹಿಂದಿನದನ್ನು ಕೊಚ್ಚುತ್ತ ಓಡುತ್ತವೆ. ದಾರಿಯಲ್ಲಿ ಜಿಸಿಟಿಜಿಜಿಟಿಜಿಜಿ ಎಂಬ ಎಂಟಕ್ಷರದ ಗುರುತು ಸಿಕ್ಕಿತೆಂದರೆ ಕೂಟದ ನಡತೆಯೇ ಬದಲಾಗುತ್ತದೆ. ಆ ಗುರುತಿರುವ ಎಳೆಯನ್ನು ಕೊಚ್ಚುವುದು ನಿಲ್ಲಿಸಿ, ಅದನ್ನು ಒಂಟಿಯಾಗಿ ಹೊರಬಿಟ್ಟು, ಅದರ ಮೇಲೆ ರೆಕ್‌ಎ ಎಂಬ ಪ್ರೋಟೀನನ್ನು ಕೂರಿಸಲು ತೊಡಗುತ್ತದೆ. ‘ಖೈ’ ಎಂದು ಕರೆಯುವ ಈ ಗುರುತು ಇ. ಕೋಲಿಯ ಗ್ರಂಥದಲ್ಲಿ ಸಾವಿರದಷ್ಟು ಕಡೆ ಇದೆ. ಒಳನುಗ್ಗುವ ವೈರಸ್‌ಗಳ ಡಿಎನ್‌ಎಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಅವು ಪೂರ್ತಿ ಕೊಚ್ಚಿಹೋಗುತ್ತವೆ. ಒಂದೇ ಕೂಟ ತನ್ನವರನ್ನು ಉಳಿಸುತ್ತದೆ, ಪರರನ್ನು ಅಳಿಸುತ್ತದೆ.

ರೆಕ್‌ಎ ಈ ಕಥೆಯ ನಾಯಕ. ಅದು 352 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್. ಅದರ ನಡುಭಾಗದಲ್ಲಿ ಎಟಿಪಿ ಎಂಬ ಇಂಧನದ ಅಣುವನ್ನು ಹಿಡಿಯುವ ಗುಳಿಯಿದೆ, ಡಿಎನ್‌ಎ ಹಿಡಿಯುವ ಎರಡು ಕುಣಿಕೆಗಳಿವೆ. ಒಂಟಿ ರೆಕ್‌ಎ ಹೆಚ್ಚೇನೂ ಮಾಡದು. ಅವು ಒಂದರ ಹಿಂದೊಂದು ಸೇರಿ ಡಿಎನ್‌ಎ ಸುತ್ತ ಸುರುಳಿಯಾಗಿ ಕಟ್ಟಿಕೊಂಡಾಗ ಶಕ್ತಿ ಬರುತ್ತದೆ. ಸುರುಳಿಯ ಒಂದು ಸುತ್ತಿಗೆ ಆರು ರೆಕ್‌ಎ, ಒಂದೊಂದರ ಹಿಡಿತದಲ್ಲಿ ಮೂರು ಅಕ್ಷರ. ಈ ಹಿಡಿತದಲ್ಲಿ ಡಿಎನ್‌ಎ ತನ್ನ ಉದ್ದದ ಒಂದೂವರೆ ಪಟ್ಟು ಹಿಗ್ಗುತ್ತದೆ. ಹಿಗ್ಗುವುದು ಎಲ್ಲ ಕಡೆ ಸಮನಾಗಿ ಅಲ್ಲ. ಮೂರು ಮೂರು ಅಕ್ಷರಗಳ ಗುಂಪು ಎಂದಿನಂತೆ ಒತ್ತಾಗಿದ್ದು, ಗುಂಪುಗಳ ನಡುವೆ ಮಾತ್ರ ತೆರಪಾಗುತ್ತದೆ. ಎದುರಿನ ಪ್ರತಿಯಲ್ಲಿ ತನ್ನ ಸಾಲಿಗೆ ಹೊಂದುವುದನ್ನು ಮೂರು ಮೂರಕ್ಷರಗಳಂತೆ ತಾಳೆ ನೋಡಲು ಈ ಜೋಡಣೆ ಅನುಕೂಲ. ಇ. ಕೋಲಿಯ ರೆಕ್‌ಎ ರೂಪವನ್ನು 1992ರಲ್ಲಿ ಸ್ಫಟಿಕ ಮಾಡಿ ನೋಡಿದ್ದರು. ಡಿಎನ್‌ಎ ಹಿಡಿದ ಭಂಗಿಯಲ್ಲಿ ಅದು ಕಂಡದ್ದು 2008ರಲ್ಲಿ.

ರೆಕ್‌ಎ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಯಾಗಿದ್ದಾಗ ಕಣ್ಣಾರೆ ನೋಡಿದ್ದೆ. ಒಂದೇ ತಟ್ಟೆಯಲ್ಲಿ ಎರಡು ಗೆರೆ ಎಳೆಯುವುದು. ಒಂದು ಮಾಮೂಲಿ ಇ. ಕೋಲಿ, ಇನ್ನೊಂದು ರೆಕ್‌ಎ ಜೀನ್ ಕೆಟ್ಟದ್ದು. ಗೆರೆಗಳ ಮೇಲೆ ರಟ್ಟು ಸರಿಸುತ್ತ ಅತಿನೇರಳೆ ದೀಪದ ಕೆಳಗೆ ಒಂದೊಂದು ಭಾಗಕ್ಕೆ ಒಂದೊಂದಷ್ಟು ಹೊತ್ತು ಬೆಳಕು ಬೀಳಿಸುವುದು. ಮರುದಿನ ನೋಡಿದರೆ ಮಾಮೂಲಿ ಗೆರೆ ಹೆಚ್ಚುಕಡಿಮೆ ಉದ್ದಕ್ಕೂ ಬೆಳೆದಿತ್ತು. ಇನ್ನೊಂದು ಗೆರೆ ಬೆಳಕು ತಾಗಿದಲ್ಲೆಲ್ಲ ಬೋಳು. ಒಂದೇ ಒಂದು ಪ್ರೋಟೀನಿನ ವ್ಯತ್ಯಾಸ. 1965ರಲ್ಲಿ ಜಾನ್ ಕ್ಲಾರ್ಕ್ ಮತ್ತು ಆ್ಯನ್ ಡೀ ಮಾರ್ಗುಲಿಸ್ ಡಿಎನ್‌ಎ ವಿನಿಮಯ ಮಾಡಿಕೊಳ್ಳಲಾಗದ ಇ. ಕೋಲಿ ತಳಿಗಳನ್ನು ಹುಡುಕಿ ತೆಗೆದು ಈ ಜೀನಿನ ಸುಳಿವು ಕೊಟ್ಟರು. ಆ ತಳಿಗಳು ಅತಿನೇರಳೆ ಬೆಳಕಿಗೂ ಬೇಗ ಸಾಯುತ್ತಿದ್ದವು.

ಕನ್ನಡ ನೆಲದಲ್ಲಿ ನಡೆದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಕೆ. ಮುನಿಯಪ್ಪ ಕ್ಷಯದ ಬ್ಯಾಕ್ಟೀರಿಯಾದ ರೆಕ್‌ಎ ಹಿಂದೆ ಬಿದ್ದರು. ಅದೊಂದು ವಿಚಿತ್ರ ಪ್ರೋಟೀನ್. ಜೀನಿನಿಂದ ತಯಾರಾಗಿ ಬರುವಾಗ ಅದರ ನಡುವೆ ಬೇಡದ ಉದ್ದನೆಯ ತುಂಡೊಂದು ಸೇರಿಕೊಂಡಿರುತ್ತದೆ. ಆ ತುಂಡು ತನ್ನನ್ನು ತಾನೇ ಕತ್ತರಿಸಿಕೊಂಡು ಹೊರಬಿದ್ದು, ಎರಡೂ ಬದಿಯನ್ನು ಕೂಡಿಸಿದ ಮೇಲಷ್ಟೇ ನಿಜವಾದ ರೆಕ್‌ಎ ಸಿದ್ಧವಾಗುವುದು. ಅದೇ ಸಂಸ್ಥೆಯ ಎಂ. ವಿಜಯನ್ ಪ್ರೋಟೀನುಗಳ ರೂಪ ಬಿಡಿಸುವುದರಲ್ಲಿ ಹೆಸರಾದವರು. ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಜ್‌ಕಿನ್ ಜೊತೆ ಇನ್ಸುಲಿನ್ ರಚನೆಯ ಮೇಲೆ ಕೆಲಸ ಮಾಡಿ ಬಂದಿದ್ದರು. 2000ದಲ್ಲಿ ಈ ಎರಡು ತಂಡಗಳು ಸೇರಿ ಕ್ಷಯದ ರೆಕ್‌ಎ ರಚನೆಯನ್ನು ಪ್ರಕಟಿಸಿದವು. ಎಟಿಪಿ ಕೂರುವ ಗುಳಿ ಇ. ಕೋಲಿಯದ್ದಕ್ಕಿಂತ ತುಸು ಅಗಲವಾಗಿದೆ, ಹಾಗಾಗಿ ಹಿಡಿತ ಸಡಿಲ, ಕೆಲಸ ನಿಧಾನ ಎಂಬುದು ಅದರಿಂದ ಗೊತ್ತಾಯಿತು. ಅಲ್ಲೇ ಉಮೇಶ್ ವಾರ್ಷ್ಣೇಯ ಅವರ ತಂಡ ಯುರಾಸಿಲ್ ಕಿತ್ತುಹಾಕುವ ಕಿಣ್ವವನ್ನು ಕ್ಷಯದ ಬ್ಯಾಕ್ಟೀರಿಯಾ ಮತ್ತು ಅದರ ಬಂಧುಗಳಲ್ಲಿ ಅಧ್ಯಯನ ಮಾಡಿತು. ಇದಕ್ಕೊಂದು ವಿಶೇಷ ಮಹತ್ವವಿದೆ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಅಕ್ಷರಗಳು ಗ್ವಾನಿನ್ ಅಥವಾ ಸೈಟೊಸಿನ್. ಸೈಟೊಸಿನ್ ಹೆಚ್ಚಿದ್ದಷ್ಟೂ ಅದು ಯುರಾಸಿಲ್ ಆಗಿ ಕೆಡುವ ಅಪಾಯವೂ ಹೆಚ್ಚು.

ಈಗ ಪ್ರಶ್ನೆಯ ಕೇಂದ್ರಕ್ಕೆ ಬರೋಣ. ರೆಕ್‌ಎ ದುರಸ್ತಿಯ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಅಪಾಯದ ಗಂಟೆ ಬಾರಿಸುವುದು. ಮಾಮೂಲಿ ದಿನಗಳಲ್ಲಿ ಲೆಕ್ಸ್‌ಎ ಎಂಬ ಪ್ರೋಟೀನ್ ನಲವತ್ತಕ್ಕೂ ಹೆಚ್ಚು ಜೀನುಗಳ ಮೇಲೆ ಕೂತು ಅವುಗಳ ಬಾಯಿ ಮುಚ್ಚಿಸಿರುತ್ತದೆ. ಒಂಟಿ ಎಳೆಯ ಮೇಲೆ ರೆಕ್‌ಎ ಸುರುಳಿ ಕಟ್ಟಿತೆಂದರೆ ಕೋಶದಲ್ಲಿ ಡಿಎನ್‌ಎ ಕೆಟ್ಟಿದೆ ಎಂದೇ ಅರ್ಥ. ಆ ಸುರುಳಿಗೆ ತಾಗಿದ ಲೆಕ್ಸ್‌ಎ ತನ್ನ 84 ಮತ್ತು 85ನೇ ಅಮೈನೋ ಆಮ್ಲಗಳ ನಡುವೆ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ರೆಕ್‌ಎ ಕತ್ತರಿಸುವುದಿಲ್ಲ, ಕತ್ತರಿಸಿಕೊಳ್ಳುವ ಭಂಗಿಗೆ ಲೆಕ್ಸ್‌ಎಯನ್ನು ತರುತ್ತದೆ. ಬಾಯಿಗೆ ಹಾಕಿದ ಬೀಗ ಹೋದದ್ದೇ ಆ ಜೀನುಗಳೆಲ್ಲ ಮಾತನಾಡತೊಡಗುತ್ತವೆ. ಇದನ್ನು ಎಸ್‌ಒಎಸ್ ಪ್ರತಿಕ್ರಿಯೆ ಎನ್ನುತ್ತಾರೆ. ಮುಳುಗುವ ಹಡಗು ಕಳಿಸುವ ಕರೆಯ ಹೆಸರಿದು, 1970ರ ದಶಕದಲ್ಲಿ ಮಿರೊಸ್ಲಾವ್ ರಾಡ್‌ಮನ್ ಕೊಟ್ಟದ್ದು. ಕೆಟ್ಟ ಡಿಎನ್‌ಎಗೆ ಬ್ಯಾಕ್ಟೀರಿಯಾದ ಹಲವು ಜೀನುಗಳು ಒಟ್ಟಾಗಿ ಸ್ಪಂದಿಸುತ್ತವೆ ಎಂಬ ಚಿಂತನೆಗೆ ಬುನಾದಿ ಹಾಕಿದವರು ಎವೆಲಿನ್ ವಿಟ್ಕಿನ್. ವಿಕಿರಣಕ್ಕೆ ಸಾಯದ ಇ. ಕೋಲಿಯ ಬಗ್ಗೆ 1940ರ ದಶಕದಲ್ಲಿ ಕೆಲಸ ಶುರುಮಾಡಿದ ಆಕೆ 2023ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಎಸ್‌ಒಎಸ್‌ನಲ್ಲಿ ಒಂದು ಕ್ರಮವಿದೆ. ಮೊದಲು ಏಳುವುದು ಅಚ್ಚುಕಟ್ಟಾಗಿ ದುರಸ್ತಿ ಮಾಡುವ ಯುವಿಆರ್ ತಂಡದಂಥವು. ಜೊತೆಗೆ ಸಲ್‌ಎ ಎಂಬ ಪ್ರೋಟೀನ್ ಕೋಶ ಎರಡಾಗುವುದನ್ನು ತಡೆದು ನಿಲ್ಲಿಸುತ್ತದೆ. ಕೆಟ್ಟ ಗ್ರಂಥವನ್ನು ಮಕ್ಕಳಿಗೆ ಹಂಚುವುದು ಬೇಡ ಎಂಬ ಎಚ್ಚರಿಕೆ. ಕೋಶ ಬೆಳೆಯುತ್ತದೆ, ಒಡೆಯುವುದಿಲ್ಲ, ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ನೂಲಿನಂತೆ ಕಾಣುತ್ತದೆ. ಇಷ್ಟರಲ್ಲಿ ಗಾಯ ಮಾಗಿದರೆ ರೆಕ್‌ಎ ಸುರುಳಿ ಕಳಚುತ್ತದೆ, ಲೆಕ್ಸ್‌ಎ ಮತ್ತೆ ತುಂಬಿಕೊಳ್ಳುತ್ತದೆ, ಎಲ್ಲ ಮೊದಲಿನಂತೆ. ಗಾಯ ಮಾಗದೇ ಉಳಿದರೆ ಕೊನೆಯ ಉಪಾಯವಾಗಿ ಪಾಲಿಮರೇಸ್ ಫೈವ್ ಎಂಬ ಕಿಣ್ವ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಳೆದ ಮೇಲೆ ಕಣಕ್ಕಿಳಿಯುತ್ತದೆ. ಮಾಮೂಲಿ ನಕಲುಗಾರ ಕಿಣ್ವದ ಹಿಡಿತ ಬಿಗಿ. ಸರಿಯಾದ ಅಕ್ಷರವಲ್ಲದೆ ಬೇರೆ ಕೂರದು, ಕೆಟ್ಟ ಅಕ್ಷರ ಎದುರಾದರೆ ಅದು ನಿಂತೇ ಬಿಡುತ್ತದೆ. ಪಾಲಿಮರೇಸ್ ಫೈವ್‌ನ ಹಿಡಿತ ಅಗಲ, ಸಡಿಲ. ಕೆಟ್ಟ ಅಕ್ಷರದ ಎದುರಿಗೂ ಏನಾದರೊಂದು ಕೂರಿಸಿ ಮುಂದಕ್ಕೆ ಹೋಗುತ್ತದೆ. ಕೆಡದ ಸಾಲಿನಲ್ಲೂ ಸಾವಿರದಿಂದ ಹತ್ತು ಸಾವಿರ ಅಕ್ಷರಕ್ಕೊಂದು ತಪ್ಪು ಮಾಡುತ್ತದೆ. ನೂರು ಕೋಟಿಗೆ ಒಂದು ಎಲ್ಲಿ, ಹತ್ತು ಸಾವಿರಕ್ಕೆ ಒಂದು ಎಲ್ಲಿ! ಸಾಯುವುದಕ್ಕಿಂತ ತಪ್ಪು ಬರೆದು ಬದುಕುವುದು ಲೇಸು ಎಂಬುದು ಇದರ ಹಿಂದಿನ ಲೆಕ್ಕ.

ಈ ತಪ್ಪುಗಳಲ್ಲಿ ಬಹುಪಾಲು ವ್ಯರ್ಥ, ಕೆಲವು ಬ್ಯಾಕ್ಟೀರಿಯಾಕ್ಕೇ ಮಾರಕ. ಆದರೆ ಮೂತ್ರದ ಕಲ್ಚರ್ ವರದಿಯನ್ನು ನೀವು ನೋಡಿರಬಹುದು: ಸೋಂಕು ಇದೆ ಎನ್ನಲು ಒಂದು ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಎಂಬುದು ರೂಢಿಯ ಗಡಿ. ಅಷ್ಟು ದೊಡ್ಡ ಸಂತೆಯಲ್ಲಿ ಯಾವುದೋ ಒಂದರ ಗೈರೇಸ್ ಜೀನಿನಲ್ಲಿ, 83ನೇ ಸ್ಥಾನದ ಸೆರಿನ್ ಬದಲು ಇನ್ನೊಂದು ಅಮೈನೋ ಆಮ್ಲ ಬಂದು ಕೂತರೆ ಸಾಕು. ಸಿಪ್ರೊಫ್ಲಾಕ್ಸಾಸಿನ್‌ಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಉಳಿದವು ಸತ್ತು ಜಾಗ ಖಾಲಿಯಾದಾಗ ಅದು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಮ್ಮಡಿಸುತ್ತ ಹೋಗುತ್ತದೆ. ಬ್ಯಾಕ್ಟೀರಿಯಾ ಕಲಿತದ್ದೇನೂ ಇಲ್ಲ. ಲಾಟರಿ ಚೀಟಿಗಳು ಹೆಚ್ಚು ಅಚ್ಚಾದವು, ಒಂದಕ್ಕೆ ಬಹುಮಾನ ಬಂತು. 2005ರಲ್ಲಿ ಫ್ಲಾಯ್ಡ್ ರೊಮೆಸ್‌ಬರ್ಗ್ ತಂಡ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿತು. ಲೆಕ್ಸ್‌ಎ ತನ್ನನ್ನು ಕತ್ತರಿಸಿಕೊಳ್ಳಲಾಗದಂತೆ ಮಾರ್ಪಡಿಸಿದ ಇ. ಕೋಲಿಯನ್ನು ಇಲಿಗಳಿಗೆ ಸೋಂಕಿಸಿ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ, ನಿರೋಧಕ ತಳಿಗಳು ಹುಟ್ಟಲೇ ಇಲ್ಲ. ಎಸ್‌ಒಎಸ್ ಗಂಟೆ ಬಾರಿಸದಿದ್ದರೆ ಲಾಟರಿಯೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ವಿಷಯದ ಸಾರ ಅದೇ. ಪೆಟ್ಟು ಜೋರಾಗಿದ್ದರೆ ದುರಸ್ತಿ ತಂಡ ಸೋಲುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಪೆಟ್ಟೇ ಬೀಳದಿದ್ದರೆ ಗಂಟೆ ಬಾರಿಸುವ ಪ್ರಶ್ನೆಯಿಲ್ಲ, ತಪ್ಪುಗಳು ಅಪರೂಪ. ಅಪಾಯ ಇರುವುದು ನಡುವಿನ ಪಟ್ಟಿಯಲ್ಲಿ: ಡಿಎನ್‌ಎ ಮುರಿಯುವಷ್ಟು ಮದ್ದು ಇದೆ, ಕೊಲ್ಲುವಷ್ಟು ಇಲ್ಲ. ಆ ಪಟ್ಟಿಯನ್ನು ಬ್ಯಾಕ್ಟೀರಿಯಾ ಸೃಷ್ಟಿಸಿಕೊಂಡದ್ದಲ್ಲ, ನಾವು ಒದಗಿಸಿಕೊಟ್ಟದ್ದು. ಎರಡು ಗುಳಿಗೆ ನುಂಗಿ ನಿಲ್ಲಿಸುವುದು, ಮನೆಯ ಡಬ್ಬದಲ್ಲಿ ಉಳಿದ ನಾಲ್ಕು ಗುಳಿಗೆಯನ್ನು ನೆಗಡಿಗೆ ನುಂಗುವುದು, ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡುವುದು, ಎಲ್ಲವೂ ಆ ಪಟ್ಟಿಯೊಳಗೇ ಬೀಳುತ್ತವೆ.

ನಮ್ಮ ದೇಹದಿಂದ ಹೊರಬಿದ್ದ ಮೇಲೂ ಕಥೆ ಮುಗಿಯುವುದಿಲ್ಲ. ನುಂಗಿದ ಸಿಪ್ರೊಫ್ಲಾಕ್ಸಾಸಿನ್‌ನ ದೊಡ್ಡ ಪಾಲು ಬದಲಾಗದೆ ಮೂತ್ರದಲ್ಲಿ ಹೋಗುತ್ತದೆ. ಈ ಊರಿಗೆ ಹೆಸರು ಕೊಟ್ಟ ನಾಗ ನದಿ ಇಂದು ನಗರದ ಕೊಳಚೆ ಹೊತ್ತು ಹರಿಯುತ್ತಿದೆ. ಇಂಥ ನೀರಿನಲ್ಲಿ ಔಷಧದ ಅಂಶ ಅತಿ ತೆಳುವಾಗಿದ್ದರೂ ಬ್ಯಾಕ್ಟೀರಿಯಾಗಳ ಗಂಟೆ ಬಾರಿಸಲು ಸಾಕಾಗಬಹುದು. 2004ರಲ್ಲಿ ಮ್ಯಾಥ್ಯೂ ವಾಲ್ಡರ್ ತಂಡ ಕಾಲರಾ ಬ್ಯಾಕ್ಟೀರಿಯಾದಲ್ಲಿ ಇನ್ನೊಂದು ಸಂಗತಿ ತೋರಿಸಿತು. ಹಲವು ಔಷಧಗಳಿಗೆ ಬಗ್ಗದ ಜೀನುಗಳನ್ನು ಹೊತ್ತ ಡಿಎನ್‌ಎ ಗಂಟೊಂದು ಅದರಲ್ಲಿದೆ. ಎಸ್‌ಒಎಸ್ ಎದ್ದಾಗ ಆ ಗಂಟು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವುದು ಬಹಳ ಹೆಚ್ಚಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಕೊಟ್ಟಾಗ ಹಾಗೇ ಆಯಿತು. ಅಂದರೆ ಅರೆಪೆಟ್ಟು ಹೊಸ ನಿರೋಧ ಹುಟ್ಟಿಸುವುದಷ್ಟೇ ಅಲ್ಲ, ಹಳೆಯ ನಿರೋಧವನ್ನು ಊರೆಲ್ಲ ಹಂಚುತ್ತದೆ.

ಕ್ಷಯದ ವಿಷಯದಲ್ಲಿ ಇದು ಇನ್ನೂ ಗಂಭೀರ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಇ. ಕೋಲಿ ಇಪ್ಪತ್ತು ನಿಮಿಷದಲ್ಲಿ ಇಮ್ಮಡಿಯಾದರೆ ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಅದರಲ್ಲಿ ಮ್ಯೂಟ್‌ಎಸ್, ಮ್ಯೂಟ್‌ಎಲ್ ಇಲ್ಲ. ಪಾಲಿಮರೇಸ್ ಫೈವ್ ಇಲ್ಲ. ಬದಲಿಗೆ ಡಿಎನ್‌ಎಇ2 ಎಂಬ ತನ್ನದೇ ಸಡಿಲ ಕಿಣ್ವವಿದೆ. ನಮ್ಮ ಬಿಳಿರಕ್ತಕಣಗಳು ಅದನ್ನು ನುಂಗಿ ಆಮ್ಲಜನಕ, ಸಾರಜನಕದ ಉಗ್ರ ಅಣುಗಳನ್ನು ಸುರಿಯುತ್ತಲೇ ಇರುತ್ತವೆ, ಅದು ದುರಸ್ತಿ ಮಾಡಿಕೊಳ್ಳುತ್ತ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಬೆಳೆಯದೆ ಕೂತ ಬ್ಯಾಕ್ಟೀರಿಯಾ ದುರಸ್ತಿಯನ್ನೂ ನಿಲ್ಲಿಸಿರುತ್ತದೆ ಎಂದುಕೊಳ್ಳುವವರಿಗೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಅಂಜನಾ ಬದ್ರಿನಾರಾಯಣನ್ ತಂಡ 2021ರಲ್ಲಿ ಉತ್ತರ ಕೊಟ್ಟಿತು. ಕ್ಷಯದ್ದಲ್ಲ, ನೀರಿನಲ್ಲಿ ಬದುಕುವ ಕಾಲೊಬ್ಯಾಕ್ಟರ್ ಎಂಬ ನಿರುಪದ್ರವಿ ಬ್ಯಾಕ್ಟೀರಿಯಾವನ್ನು ಜೀವಂತವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ, ನಕಲು ಮಾಡದೆ ನಿಂತ ಕೋಶದಲ್ಲೂ ಯುವಿಆರ್ ತಂಡ ಕತ್ತರಿಸಿ ತೆಗೆದ ಸಂದಿಯನ್ನು ಡಿಎನ್‌ಎಇ2 ತುಂಬುತ್ತದೆ ಎಂದು ತೋರಿಸಿತು. ಸುಮ್ಮನೆ ಕೂತಂತೆ ಕಂಡರೂ ಅಕ್ಷರ ಬದಲಾಗುತ್ತಿರಬಹುದು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಈಗ ಕೊಡುವ ನಾಲ್ಕು ಮದ್ದುಗಳ ಕೂಟದಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಒಂದು. ಅದರ ಗುರಿಯೂ ಗೈರೇಸೇ. ನೆಗಡಿ ಕೆಮ್ಮಿಗೆ ಈ ಬಳಗದ ಔಷಧವನ್ನು ಸುಮ್ಮನೆ ನುಂಗುವುದು ಕ್ಷಯ ರೋಗಿಯ ಕೊನೆಯ ಆಯುಧಗಳಲ್ಲೊಂದನ್ನು ಮೊಂಡು ಮಾಡಿದಂತೆ. ಅದಕ್ಕೇ ಮಾಕ್ಸಿಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎರಡನ್ನೂ 2014ರಿಂದ ಎಚ್1 ಪಟ್ಟಿಗೆ ಸೇರಿಸಿದ್ದಾರೆ. ಅಂಗಡಿಯವರು ವೈದ್ಯರ ಚೀಟಿ ನೋಡಿ, ರೋಗಿಯ ಹೆಸರು ಬರೆದುಕೊಂಡು, ಆ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು.

ದುರಸ್ತಿಯನ್ನೇ ತಡೆಯುವ ಮದ್ದು ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಲು ನೋಡುತ್ತಿದ್ದಾರೆ. ಮುನಿಯಪ್ಪ ಅವರ ತಂಡ 2014ರಲ್ಲಿ ಸುರಾಮಿನ್ ಎಂಬ ಅಣು ಕ್ಷಯದ ರೆಕ್‌ಎ ಸುರುಳಿಯನ್ನು ಕಳಚಿ ಹಾಕುತ್ತದೆ, ಎಸ್‌ಒಎಸ್ ಏಳದಂತೆ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ತೋರಿಸಿತು. ಸುರಾಮಿನ್ ಹೊಸದಲ್ಲ, ಆಫ್ರಿಕದ ನಿದ್ರಾರೋಗಕ್ಕೆ ನೂರು ವರ್ಷಗಳಿಂದ ಬಳಕೆಯಲ್ಲಿರುವ ಚುಚ್ಚುಮದ್ದು. ಆದರೆ ಅದರ ಅಡ್ಡಪರಿಣಾಮಗಳು ಹೆಚ್ಚು, ಕ್ಷಯಕ್ಕೆ ಅದು ಔಷಧವಲ್ಲ. ಇನ್ನೊಂದು ತೊಡಕೂ ಇದೆ. ನಮ್ಮ ಕೋಶಗಳಲ್ಲೂ ರಾಡ್51 ಎಂಬ ರೆಕ್‌ಎಯ ದೂರದ ಬಂಧುವಿದೆ, ಅದನ್ನು ಮುಟ್ಟದೆ ಬ್ಯಾಕ್ಟೀರಿಯಾದ್ದನ್ನು ಮಾತ್ರ ಹಿಡಿಯುವ ಅಣು ಬೇಕು. ಗುಳಿಯ ಅಗಲ, ಕುಣಿಕೆಯ ತಿರುವು ಎಂದು ರಚನೆಯ ಅಳತೆಗೆ ವರ್ಷಗಟ್ಟಲೆ ಜೀವ ತೇಯುವವರ ಕೆಲಸದ ಬೆಲೆ ಅಲ್ಲಿ ಗೊತ್ತಾಗುತ್ತದೆ. ಅಂಥ ಮದ್ದು ನಿಮ್ಮ ಊರಿನ ಅಂಗಡಿಗೆ ಬರಲು ಇನ್ನೂ ದೂರವಿದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇರುವ ಮದ್ದನ್ನು ಸರಿಯಾಗಿ ಬಳಸುವುದು. ಎಷ್ಟು ದಿನ ನುಂಗಬೇಕು ಎಂಬ ಬಗ್ಗೆ ವೈದ್ಯಲೋಕದಲ್ಲೂ ಚರ್ಚೆಯಿದೆ. ಕೆಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕು ಎಂಬ ಅಭಿಪ್ರಾಯ ಈಗ ಬಲವಾಗುತ್ತಿದೆ. ಕ್ಷಯದಲ್ಲಿ ಮಾತ್ರ ಆ ಚರ್ಚೆಗೆ ಜಾಗವಿಲ್ಲ, ವೈದ್ಯರು ಹೇಳಿದಷ್ಟು ತಿಂಗಳು ತಪ್ಪದೆ ನುಂಗಬೇಕು. ಆದರೆ ದಿನಗಳನ್ನು ತೀರ್ಮಾನಿಸುವವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರಾಗಿರಲಿ, ‘ಈಗ ಪರವಾಗಿಲ್ಲ’ ಎನ್ನುವ ನಿಮ್ಮ ಮನಸ್ಸಲ್ಲ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೇಳಬೇಡಿ, ಎರಡು ಗುಳಿಗೆ ಸಾಲ ಪಡೆಯಬೇಡಿ, ಉಳಿದದ್ದನ್ನು ನೆರೆಮನೆಗೆ ಹಂಚಬೇಡಿ. ಬೇಕಾದಾಗ ಪೂರ್ತಿ ಪ್ರಮಾಣ, ಬೇಡವಾದಾಗ ಒಂದೂ ಬೇಡ.